ಕೀಚಕ ಕುಣಿಯುವಾಗ ಸೈರಂಧ್ರಿ ಎಲ್ಲಿದ್ದಳು?

(ಶಿರಸಿಯಲ್ಲಿ ಒಂದು ಸಿನಿಮಾ ಪ್ರದರ್ಶನಕ್ಕೆ ಮುಂಚೆ ಆಡಿದ ಮಾತುಗಳ ಬರಹ ರೂಪ)

ಸಿನಿಮಾ ಬಗ್ಗೆ ಮಾತಾಡಿ ಎಂದು ಕರೆದಿದ್ದೀರಿ. ನಾನು ಯಕ್ಷಗಾನದಿಂದ ಶುರು ಮಾಡುತ್ತೇನೆ. ಸ್ವಲ್ಪ ತಡೆದುಕೊಳ್ಳಿ, ಸಿನಿಮಾಕ್ಕೆ ಬಂದೇ ಬರುತ್ತೇನೆ.

ಇಲ್ಲಿ ಐವತ್ತು ದಾಟಿದವರೆಲ್ಲ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕನನ್ನು ನೋಡಿರುತ್ತೀರಿ. ನೋಡದವರು ನೋಡಿದವರ ಬಾಯಲ್ಲಿ ಕೇಳಿರುತ್ತೀರಿ. ಸೈರಂಧ್ರಿ, ಅಂದರೆ ವೇಷ ಮರೆಸಿಕೊಂಡ ದ್ರೌಪದಿ, ಕಣ್ಣಿಗೆ ಬಿದ್ದ ಕೂಡಲೇ ಆ ಮೈಯಲ್ಲಿ ಏಳುತ್ತಿದ್ದ ಅಲೆ, ಆ ಹುಬ್ಬು, ಆ ಹೆಜ್ಜೆ! ಕಂಬಳಿ ಹೊದ್ದು ಮಲಗಿದ್ದ ಮಕ್ಕಳೂ ಎದ್ದು ಕೂರುತ್ತಿದ್ದರು. ನಾನೂ ಎದ್ದು ಕೂತವಳೇ. ಕೈ ನೋಯುವಷ್ಟು ಚಪ್ಪಾಳೆ ತಟ್ಟಿದ್ದೇನೆ. 2012ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ನಮ್ಮ ಮನೆಗೇ ಬಂದಷ್ಟು ಖುಷಿಪಟ್ಟಿದ್ದೇನೆ. ಹಾಗಾಗಿ ಈಗ ಹೇಳುವುದನ್ನು ಆ ದೊಡ್ಡ ಕಲಾವಿದರ ಮೇಲಿನ ದೂರು ಅಂತ ತಿಳಿಯಬೇಡಿ.

ಎಷ್ಟೋ ವರ್ಷದ ಮೇಲೆ, ಶಾಲೆಯಲ್ಲಿ ಮಕ್ಕಳಿಗೆ ಈ ಕಥೆ ಹೇಳುತ್ತಿದ್ದಾಗ, ಒಂದು ಹುಡುಗಿ ಕೇಳಿದಳು: "ಅಕ್ಕೋರೇ, ಅವ ಕುಣಿಯೋವಾಗ ಸೈರಂಧ್ರಿ ಏನ್ ಮಾಡ್ತಿದ್ಲು?" ನೆನಪು ಮಾಡಿಕೊಂಡೆ. ಬರಲೇ ಇಲ್ಲ. ಸೆರಗು ಹಿಡಿದುಕೊಂಡು ರಂಗದ ಒಂದು ಬದಿಯಲ್ಲಿ ನಿಂತಿದ್ದಿರಬೇಕು. ಕೀಚಕನ ಒಂದೊಂದು ಹೆಜ್ಜೆಯೂ ನೆನಪಿದೆ, ಅವಳ ಮುಖ ನೆನಪಿಲ್ಲ. ಅಂದರೆ ಅಷ್ಟು ರಾತ್ರಿ ನಾನು ಯಾರ ಕಡೆ ಕೂತಿದ್ದೆ?

ಆ ಪ್ರಸಂಗದಲ್ಲಿ ಇನ್ನೊಂದು ಜಾಗ ಇದೆ. ಸೈರಂಧ್ರಿ ತಪ್ಪಿಸಿಕೊಂಡು ವಿರಾಟನ ಸಭೆಗೆ ಓಡಿಬರುತ್ತಾಳೆ. ಕೀಚಕ ಅಟ್ಟಿಸಿಕೊಂಡು ಬಂದು ತುಂಬಿದ ಸಭೆಯಲ್ಲೇ ಒದೆಯುತ್ತಾನೆ. ರಾಜ ಇದ್ದಾನೆ. ಕಂಕಭಟ್ಟನ ವೇಷದಲ್ಲಿ ಸ್ವಂತ ಗಂಡ ಧರ್ಮರಾಯನೇ ಇದ್ದಾನೆ. ಒಳಗೆ ಹೋಗು ಎನ್ನುತ್ತಾನೆ. ಅವನಿಗೆ ಅಜ್ಞಾತವಾಸದ ಲೆಕ್ಕ, ವಿರಾಟನಿಗೆ ಬಾಮೈದನ ಹೆದರಿಕೆ. ಎಲ್ಲರಿಗೂ ಒಂದೊಂದು ಕಾರಣ ಇರುತ್ತದೆ, ಅಲ್ವಾ? ಒದ್ದವನು ಒಬ್ಬ. ಕೂತೇ ಇದ್ದವರು ಸಭೆ ತುಂಬ.

ಹೆಣ್ಣಿನ ಮೇಲಿನ ದೌರ್ಜನ್ಯದ ಸಿನಿಮಾ ನೋಡುವಾಗ ನಾನು ಈಗ ಎರಡೇ ಹುಡುಕುತ್ತೇನೆ. ಕ್ಯಾಮೆರಾ ಯಾರ ಪಕ್ಕ ಕೂತಿದೆ? ಸಭೆಯನ್ನು ತೋರಿಸಿದ್ದಾರೋ ಇಲ್ಲವೋ?

ನಾನು ಕಾಲೇಜಿನಲ್ಲಿದ್ದಾಗ ಒಂದು ಥರದ ಸಿನಿಮಾಗಳು ಸಾಲುಸಾಲಾಗಿ ಬರುತ್ತಿದ್ದವು. ಪೋಸ್ಟರಿನಲ್ಲಿ ಕೈಯಲ್ಲಿ ಕತ್ತಿ ಹಿಡಿದ ಹೆಣ್ಣು. ಅನ್ಯಾಯದ ವಿರುದ್ಧ ಸಿನಿಮಾ ಅಂತಲೇ ನಾವು ಮೂವರು ಹುಡುಗಿಯರು ಒಮ್ಮೆ ಹೋದೆವು. ಒಳಗೆ ನೋಡಿದರೆ ಅತ್ಯಾಚಾರದ ದೃಶ್ಯ ಮುಗಿಯುವುದೇ ಇಲ್ಲ. ಹರಿದ ರವಿಕೆಯ ಮೇಲೆ ಕ್ಯಾಮೆರಾ. ಮುಂದಿನ ಬೆಂಚಿನಿಂದ ಸಿಳ್ಳೆ. ಎದ್ದು ಹೋಗೋಣ ಅಂದರೆ ಧೈರ್ಯ ಇಲ್ಲ, ಎದ್ದರೆ ಟಾಕೀಸೆಲ್ಲ ನಮ್ಮನ್ನೇ ನೋಡುತ್ತದೆ. ತಲೆ ತಗ್ಗಿಸಿ ಕೂತೆವು. ಕೊನೆಯಲ್ಲಿ ಅವಳು ಅವನನ್ನು ಕೊಂದಳು. ಅದಕ್ಕೂ ಸಿಳ್ಳೆ. ಎರಡಕ್ಕೂ ಸಿಳ್ಳೆ ಹೊಡೆದವರು ಅವರೇ.

ಇದು ಹಳೇ ಮಾತಾಯಿತು ಅಂತ ಸುಮ್ನಾಗಬೇಡಿ. ನಾಯಕ ನಾಯಕಿಯ ಹಿಂದೆ ಬೀಳುತ್ತಾನೆ, ಅವಳು ಬೇಡ ಅನ್ನುತ್ತಾಳೆ, ಇವನು ಬಿಡುವುದಿಲ್ಲ, ಮೂರನೇ ಹಾಡಿಗೆ ಅವಳು ನಗುತ್ತಾಳೆ. ಎಷ್ಟು ಸಿನಿಮಾದಲ್ಲಿ ನೋಡಿಲ್ಲ! ಹೀಗೆ ಹಿಂದೆ ಬೀಳುವುದು 2013ರಿಂದ ನಮ್ಮ ದೇಶದಲ್ಲಿ ಅಪರಾಧ. ಬಸ್ ಸ್ಟ್ಯಾಂಡಿನಲ್ಲಿ ನಿಲ್ಲುವ ಹುಡುಗರಿಗೆ ಕಾನೂನು ಗೊತ್ತಿಲ್ಲ, ಹಾಡು ಗೊತ್ತಿದೆ.

ಸಿನಿಮಾ ಮಾಡುವ ಮನೆಯೊಳಗಿನ ಕಥೆಯೂ ಬೇರೆ ಅಲ್ಲ. ಕೇರಳದಲ್ಲಿ 2017ರಲ್ಲಿ ಒಬ್ಬ ನಟಿಯ ಮೇಲೆ ದೌರ್ಜನ್ಯ ನಡೆದ ಮೇಲೆ ಸರ್ಕಾರ ನ್ಯಾಯಮೂರ್ತಿ ಹೇಮಾ ಸಮಿತಿ ಮಾಡಿತು. ವರದಿ ಸರ್ಕಾರದ ಕೈಸೇರಿದ್ದು 2019ರ ಡಿಸೆಂಬರಿನಲ್ಲಿ. ಜನರ ಕೈಗೆ ಬಂದದ್ದು 2024ರ ಆಗಸ್ಟಿನಲ್ಲಿ. ನಾಲ್ಕೂವರೆ ವರ್ಷ ಅದು ಕಪಾಟಿನಲ್ಲಿತ್ತು. ಅದೂ ಒಂದು ವಿರಾಟನ ಸಭೆ.

ಈಗ ನನ್ನ ಸಭೆಯ ಕಥೆಯನ್ನೂ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಬರೀ ಬೇರೆಯವರ ಮೇಲೆ ಹೇಳಿದ ಹಾಗಾಗುತ್ತದೆ. ನನಗೆ ಏಳೋ ಎಂಟೋ ವರ್ಷ. ನಮ್ಮದು ತೋಟದ ಪಕ್ಕದ ಮನೆ, ಕೂಗಳತೆಯಲ್ಲಿ ಇನ್ನೊಂದೇ ಮನೆ. ಆ ಮನೆಯ ಹೆಂಗಸನ್ನು ನಾನು ಅತ್ತೆ ಅಂತ ಕರೆಯುತ್ತಿದ್ದೆ. ಕೆಲವು ರಾತ್ರಿ ಅಲ್ಲಿಂದ ಪಾತ್ರೆ ಬೀಳುವ ಸದ್ದು, ಆಮೇಲೆ ಬೇರೆ ಸದ್ದು. ನಮ್ಮ ಅಮ್ಮಮ್ಮ ಎದ್ದು ಆ ಕಡೆಯ ಕಿಟಕಿ ಹಾಕುತ್ತಿದ್ದಳು. "ಥಂಡಿ ಬರ್ತು, ಮನಿಕ್ಯ" ಅನ್ನುತ್ತಿದ್ದಳು. ಬೇಸಿಗೆಯಲ್ಲೂ ಥಂಡಿ. ಬೆಳಿಗ್ಗೆ ಆ ಅತ್ತೆ ಮೊಸರಿಗೆ ಹೆಪ್ಪು ಕೇಳಿಕೊಂಡು ಬರುತ್ತಿದ್ದಳು. ಲೋಟ ಹಿಡಿದ ಕೈಯಲ್ಲಿ ಹಿಂದಿನ ದಿನ ಇದ್ದ ಬಳೆಗಳು ಇರುತ್ತಿರಲಿಲ್ಲ, ಮಣಿಕಟ್ಟಿನ ಮೇಲೆ ಸಣ್ಣ ಸಣ್ಣ ಗೀರು. ಅಮ್ಮ ಆ ಕೈ ನೋಡುತ್ತಿದ್ದಳು, ಹೆಪ್ಪು ಹಾಕುತ್ತಿದ್ದಳು, ಮಳೆಯದೋ ಅಡಕೆಯದೋ ಮಾತಾಡುತ್ತಿದ್ದಳು. ಅಮ್ಮಮ್ಮ ಕೆಟ್ಟವಳಲ್ಲ, ಅಮ್ಮನಂತೂ ಅಲ್ಲವೇ ಅಲ್ಲ. ಅತ್ತೆಗೆ ಹೆಪ್ಪಿನ ಜೊತೆ ಒಂದು ತುತ್ತು ಬೆಲ್ಲವನ್ನೂ ಕೊಡುತ್ತಿದ್ದರು. ಆದರೆ ಕಿಟಕಿ ಹಾಕುತ್ತಿದ್ದರು.

ಮಾತು ಬಂತು ಅಂತ ಹೇಳುತ್ತೇನೆ. ನಮ್ಮ ಹವ್ಯಕ ಮಾತಿನಲ್ಲಿ ಗಂಡಸು ಬಂದರೆ "ಅಂವ ಬಂದ". ಹೆಂಗಸು ಬಂದರೆ "ಅದು ಬಂತು". ಇದು ಅಕ್ಕರೆ ಅಂತ ನಮ್ಮ ಅಣ್ಣಂದಿರು ವಾದ ಮಾಡುತ್ತಾರೆ. ಇರಬಹುದು. ನಾನೂ ತಂಗಿಗೆ ಹಾಗೇ ಹೇಳುತ್ತೇನೆ, ಬೇರೆ ಥರ ಹೇಳಲು ನಾಲಿಗೆ ಏಳುವುದಿಲ್ಲ. ಆದರೂ ಒಮ್ಮೊಮ್ಮೆ ಕಿವಿಗೆ ಚುಚ್ಚುತ್ತದೆ.

ಸಭೆಯನ್ನು ತೋರಿಸುವ ಸಿನಿಮಾ ಕನ್ನಡದಲ್ಲಿ ಮುಂಚಿನಿಂದ ಇವೆ. ಪುಟ್ಟಣ್ಣ ಕಣಗಾಲರ ಶರಪಂಜರ 1971ರದ್ದು, ತ್ರಿವೇಣಿಯವರ ಕಾದಂಬರಿ. ಕಲ್ಪನಾ ಅವರ ಕಾವೇರಿ ಕಾಯಿಲೆ ವಾಸಿಯಾಗಿ ಆಸ್ಪತ್ರೆಯಿಂದ ಮನೆಗೆ ಬರುತ್ತಾಳೆ. ಮನೆಯವರಿಗೆ, ಅಕ್ಕಪಕ್ಕದವರಿಗೆ ವಾಸಿಯಾಗಿಲ್ಲ. ಅವಳು ನಕ್ಕರೂ ಹುಚ್ಚು, ಅತ್ತರೂ ಹುಚ್ಚು. ಅಲ್ಲಿ ಹೊಡೆತಕ್ಕಿಂತ ನೋಟ ದೊಡ್ಡದು. ಪ್ರೇಮಾ ಕಾರಂತರ ಫಣಿಯಮ್ಮ ಎಂ.ಕೆ. ಇಂದಿರಾ ಅವರ ಕಾದಂಬರಿಯಿಂದ ಬಂದದ್ದು. ನಮ್ಮದೇ ಮಲೆನಾಡಿನ ಮನೆಗಳು, ಜಗಲಿಗಳು. ಬಾಲ್ಯದಲ್ಲೇ ವಿಧವೆಯಾಗಿ ತಲೆ ಬೋಳಿಸಿಕೊಂಡ ಹೆಣ್ಣು ಜೀವಮಾನವೆಲ್ಲ ಮಾತಿಲ್ಲದೆ ಬಾಳುತ್ತಾಳೆ. ದಾಕ್ಷಾಯಿಣಿ ಅಂತ ಇನ್ನೊಬ್ಬ ಹುಡುಗಿ, ಅವಳೂ ವಿಧವೆ, ತಲೆ ಬೋಳಿಸಲು ಒಪ್ಪುವುದಿಲ್ಲ. ಆಗ ಫಣಿಯಮ್ಮ ಅವಳ ಪರ ನಿಲ್ಲುತ್ತಾಳೆ. ನನಗಾದದ್ದು ನಿನಗೂ ಆಗಲಿ ಎನ್ನುವ ಅತ್ತೆಯಂದಿರನ್ನು ನೋಡಿ ನೋಡಿ ಬೆಳೆದ ನಮಗೆ ಅದು ಎಷ್ಟು ದೊಡ್ಡ ವಿಷಯ!

ಇಡೀ ಊರೇ ಸಭೆಯಾದ ಸಿನಿಮಾ ಬೇಕು ಅಂದರೆ ಕೇತನ್ ಮೆಹ್ತಾರ ಹಿಂದಿಯ ಮಿರ್ಚ್ ಮಸಾಲಾ ನೋಡಿ. 1987ರದ್ದು. ಕಂದಾಯ ವಸೂಲಿಗೆ ಬಂದ ಸುಬೇದಾರನಿಗೆ ಸೋನ್‌ಬಾಯಿ ಬೇಕು. ಸ್ಮಿತಾ ಪಾಟೀಲ್ ಆ ಪಾತ್ರ. ಅವಳು ಅವನ ಕೆನ್ನೆಗೆ ಬಾರಿಸಿ ಓಡಿ, ಮೆಣಸಿನಪುಡಿ ಕುಟ್ಟುವ ಕಾರ್ಖಾನೆಯೊಳಗೆ ಸೇರಿಕೊಳ್ಳುತ್ತಾಳೆ. ಮುದುಕ ಕಾವಲುಗಾರ ಬಾಗಿಲು ಹಾಕುತ್ತಾನೆ. ಊರಿನ ಗಂಡಸರು ಕೂತು ಲೆಕ್ಕ ಹಾಕುತ್ತಾರೆ: ಒಬ್ಬಳನ್ನು ಕೊಟ್ಟುಬಿಟ್ಟರೆ ಊರು ಉಳಿಯುತ್ತದೆ. ಕಾರ್ಖಾನೆಯೊಳಗಿನ ಕೆಲವು ಹೆಂಗಸರೂ ಹೋಗಿಬಿಡು ಅನ್ನುತ್ತಾರೆ. ಇದೇ ನನಗೆ ಆ ಸಿನಿಮಾದಲ್ಲಿ ಹಿಡಿಸಿದ್ದು, ಹೆಂಗಸರೆಲ್ಲ ಒಂದೇ ಅಂತ ಅದು ಸುಳ್ಳು ಹೇಳುವುದಿಲ್ಲ. ಅವರು ಒಂದಾಗುವುದಕ್ಕೆ ಇಡೀ ಸಿನಿಮಾ ಬೇಕಾಗುತ್ತದೆ. ಕೊನೆಗೆ ಬಾಗಿಲು ಒಡೆದು ಬಂದ ಸುಬೇದಾರನ ಮುಖಕ್ಕೆ ಬುಟ್ಟಿಗಟ್ಟಲೆ ಮೆಣಸಿನಪುಡಿ. ಇದನ್ನು ಒಂದು ಹಳ್ಳಿಯಲ್ಲಿ ತೋರಿಸಿದಾಗ ಹಿಂದಿನಿಂದ ಒಬ್ಬಳು ಅಂದಳು, "ಬ್ಯಾಡಗಿ ಮೆಣಸಾಗಿದ್ರೆ ಬರೀ ಬಣ್ಣ ಬರ್ತಿತ್ತು, ಗುಂಟೂರಿಂದೇ ಬೇಕು." ಎಲ್ಲರೂ ನಕ್ಕೆವು. ಬ್ಯಾಡಗಿ ಇಲ್ಲಿಂದ ದೂರ ಇಲ್ಲವಲ್ಲ, ಯಾವ ಮೆಣಸಿಗೆ ಎಷ್ಟು ಖಾರ ಅಂತ ನಮ್ಮ ಹೆಂಗಸರಿಗೆ ಗೊತ್ತು.

ಹೀಗೆ ಒಟ್ಟಾಗುವುದು ಸಿನಿಮಾದಲ್ಲಿ ಮಾತ್ರ ಅಂತ ಯಾರಾದರೂ ಅಂದರೆ ಅಂಕೋಲೆಯ ಕಡೆ ಕೈ ತೋರಿಸಿ. ಹಾಲಕ್ಕಿ ಒಕ್ಕಲಿಗರ ಹಾಡುಗಳ ಸುಕ್ರಿ ಬೊಮ್ಮಗೌಡರು ಪೇಪರಿನಲ್ಲಿ ಜಾಸ್ತಿ ಬಂದದ್ದು 2017ರ ಪದ್ಮಶ್ರೀಯಿಂದ. ಆದರೆ ಅವರು ಊರಿನ ಹೆಂಗಸರನ್ನು ಕಟ್ಟಿಕೊಂಡು ಸಾರಾಯಿಯ ವಿರುದ್ಧವೂ ನಿಂತವರು. ಸಾರಾಯಿ ವಿರೋಧ ಅಂದರೆ ಏನು? ರಾತ್ರಿ ಮನೆಯೊಳಗೆ ಬೀಳುವ ಪೆಟ್ಟನ್ನು ಹಗಲಿನಲ್ಲಿ ಬೀದಿಗೆ ತಂದು ನಿಲ್ಲಿಸುವುದು.

ಗಿರೀಶ್ ಕಾಸರವಳ್ಳಿಯವರ ಹಸೀನಾ 2004ರದ್ದು. ಬಾನು ಮುಷ್ತಾಕ್ ಅವರ ಕಥೆ. 2025ರಲ್ಲಿ ಅವರಿಗೆ ಇಂಟರ್‌ನ್ಯಾಷನಲ್ ಬೂಕರ್ ಬಂದ ಮೇಲೆ ಎಲ್ಲರಿಗೂ ಅವರ ಹೆಸರು ಗೊತ್ತು. ಆಟೋ ಓಡಿಸುವ ಗಂಡ, ಗಂಡುಮಗು ಆಗಲಿಲ್ಲ ಅಂತ ಹೆಣ್ಣುಮಕ್ಕಳ ಜೊತೆ ಹೆಂಡತಿಯನ್ನು ಬಿಟ್ಟುಹೋಗುತ್ತಾನೆ. ಅವಳು ಹೋಗಿ ಮಸೀದಿಯ ಮುಂದೆ ಕೂರುತ್ತಾಳೆ. ಕೂಗಾಟ ಇಲ್ಲ. ಸುಮ್ನೆ ಕೂರುತ್ತಾಳೆ. ಹಾದುಹೋಗುವವರೆಲ್ಲ ಅವಳನ್ನು ನೋಡಲೇಬೇಕು, ನೋಡಿಯೂ ನೋಡದ ಹಾಗೆ ಹೋಗುವ ಕಷ್ಟವನ್ನು ಅವರೇ ಪಡಬೇಕು. ತಾರಾ ಅವರಿಗೆ ಇದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಇದು ಅವರ ಜನರ ಕಥೆ ಅಂತ ಅಂದುಕೊಂಡು ಹಗುರಾಗಬೇಡಿ. ಗಂಡುಮಗು ಬೇಕು ಅನ್ನುವ ಆಸೆಗೆ ಯಾವ ಜಾತಿ? ನಮ್ಮ ತೋಟದ ಮನೆಗಳಲ್ಲಿ ಹುಡುಗರಿಗೆ ಮದುವೆಯಾಗಲು ಕೂಸು, ಅಂದರೆ ಹುಡುಗಿ, ಸಿಗುತ್ತಿಲ್ಲ ಅಂತ ಗೋಳಾಡುತ್ತೇವಲ್ಲ, ಹುಟ್ಟುವಾಗ ಯಾರಿಗೆ ಬೇಕಿತ್ತು?

ಇಲ್ಲಿ ಒಂದು ಲೆಕ್ಕ ಹೇಳಬೇಕು, ಒಂದೇ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 2015–16ರಲ್ಲಿ ಕರ್ನಾಟಕದಲ್ಲಿ ಕೇಳಿದಾಗ, ಮದುವೆಯಾದ ಹೆಂಗಸರಲ್ಲಿ ಗಂಡನಿಂದ ಹಿಂಸೆ ಆಗಿದೆ ಅಂದವರು ನೂರಕ್ಕೆ 20.6. 2019–21ರಲ್ಲಿ 44.4. ಹೊಡೆತ ಜಾಸ್ತಿಯಾಯಿತೋ, ಹೇಳುವ ಧೈರ್ಯ ಜಾಸ್ತಿಯಾಯಿತೋ? ಎರಡೂ ಇರಬಹುದು ಅಂತ ನನ್ನ ಅಂದಾಜು. ನೀವು ಕೂತಿರುವ ಸಾಲಿನಲ್ಲಿ ಎಣಿಸಿ ನೋಡಬೇಡಿ, ತಲೆ ತಿರುಗುತ್ತದೆ.

2020ರ ಹಿಂದಿ ಸಿನಿಮಾ ಥಪ್ಪಡ್‌ನಲ್ಲಿ ಒಂದೇ ಹೊಡೆತ. ಪಾರ್ಟಿಯಲ್ಲಿ, ಎಲ್ಲರ ಎದುರಿಗೆ, ಆಫೀಸಿನ ಸಿಟ್ಟನ್ನು ಗಂಡ ಹೆಂಡತಿಯ ಕೆನ್ನೆಯ ಮೇಲೆ ತೀರಿಸುತ್ತಾನೆ. ಆಮೇಲೆ ಎಲ್ಲರೂ ಗಂಡನನ್ನು ಸಮಾಧಾನ ಮಾಡುತ್ತಾರೆ! ಇದನ್ನು ತೋರಿಸಿದಾಗ ಒಬ್ಬ ಅಜ್ಜಿ ಕೇಳಿದಳು, "ಒಂದೇ ಹೊಡ್ತಕ್ಕೆ ಇಷ್ಟೆಲ್ಲ ಎಂತಕ್ಕೆ ಬೇಕಾಗಿತ್ತು?" ಅವಳ ಪಕ್ಕ ಕೂತ ಮೊಮ್ಮಗಳು ಮೆಲ್ಲಗೆ, "ನಿಂಗೆ ಎಷ್ಟು ಬಿದ್ದಿದ್ದು ಅಮ್ಮಮ್ಮಾ?" ಅಂದಳು. ಅಜ್ಜಿ ಉತ್ತರ ಕೊಡಲಿಲ್ಲ. ಕವಳದ ಸಂಚಿ ಬಿಚ್ಚಿದಳು, ಸುಣ್ಣ ಹುಡುಕಿದಳು, ಮತ್ತೆ ಕಟ್ಟಿದಳು. ಕವಳ ಹಾಕಲೇ ಇಲ್ಲ.

ಹೆಣ್ಣುಮಕ್ಕಳು ಜಾಸ್ತಿ ಇದ್ದೀರಿ, ಅದಕ್ಕೆ ನಡುವೆ ಒಂದು ಕೆಲಸದ ಮಾತು. ಕೌಟುಂಬಿಕ ದೌರ್ಜನ್ಯದ ಕಾನೂನು 2005ರದ್ದು, ಜಾರಿಗೆ ಬಂದದ್ದು 2006ರ ಅಕ್ಟೋಬರಿನಲ್ಲಿ. ಅದು ಹೆಂಡತಿಗೆ ಮಾತ್ರ ಅಲ್ಲ. ಒಂದೇ ಮನೆಯಲ್ಲಿರುವ ತಾಯಿ, ತಂಗಿ, ವಿಧವೆ ಅತ್ತಿಗೆ ಯಾರೂ ದೂರು ಕೊಡಬಹುದು. ಬೈಗುಳ, ಖರ್ಚಿಗೆ ಕೊಡದೆ ಸತಾಯಿಸುವುದು ಎರಡೂ ಅದರಲ್ಲಿ ಬರುತ್ತವೆ. ಮನೆ ಗಂಡನ ಹೆಸರಿನಲ್ಲಿದ್ದರೂ ಹೆಂಡತಿಯನ್ನು ಸುಮ್ನೆ ಹೊರಗೆ ಹಾಕುವ ಹಾಗಿಲ್ಲ. ಫೋನ್ ನಂಬರ್ 181. ಬರೆದುಕೊಳ್ಳಬೇಕಾಗಿಲ್ಲ, ಮೂರೇ ಅಂಕೆ.

ಈಗ ನನಗೆ ಬಹಳ ಇಷ್ಟವಾದ ಮಲಯಾಳಂ ಸಿನಿಮಾಕ್ಕೆ ಬರುತ್ತೇನೆ. ಜಿಯೋ ಬೇಬಿಯವರ ದಿ ಗ್ರೇಟ್ ಇಂಡಿಯನ್ ಕಿಚನ್, 2021. ಅದರಲ್ಲಿ ಗಂಡನಿಗೂ ಹೆಂಡತಿಗೂ ಹೆಸರೇ ಇಲ್ಲ. ಮಾವ ಬಹಳ ಸಾಧು ಮನುಷ್ಯ. ದನಿ ಏರಿಸುವುದಿಲ್ಲ. ಅನ್ನ ಕುಕ್ಕರಿನಲ್ಲಿ ಬೇಡ, ಒಲೆಯ ಮೇಲೆ ಆಗಲಿ ಎನ್ನುತ್ತಾನೆ, ಮೃದುವಾಗಿ. ಬಟ್ಟೆ ಮಷಿನ್ನಿಗೆ ಹಾಕಬೇಡ, ಕೈಯಲ್ಲಿ ಒಗೆ ಎನ್ನುತ್ತಾನೆ, ಅದೂ ಮೃದುವಾಗಿ. ಬ್ರಷ್ಷಿಗೆ ಪೇಸ್ಟ್ ಹಚ್ಚಿ ಕೈಗೆ ಕೊಡಬೇಕು. ಅಪ್ಪ ಮಗ ಉಂಡು ಎದ್ದರೆ ಅಗಿದ ನುಗ್ಗೆಕಾಯಿ ಟೇಬಲ್ಲಿನ ಮೇಲೆಯೇ. ಹೆಂಗಸರು ಅದೇ ಎಂಜಲಿನ ನಡುವೆ ಊಟಕ್ಕೆ ಕೂರಬೇಕು. ಅಡುಗೆಮನೆಯ ಸಿಂಕಿನ ಪೈಪು ಸೋರುತ್ತದೆ. ಪ್ಲಂಬರಿಗೆ ಹೇಳಿ, ಹೇಳಿ ಅಂತ ಅವಳು ಎಷ್ಟು ಸಲ ಹೇಳಿದರೂ ಗಂಡನಿಗೆ ಮರೆತುಹೋಗುತ್ತದೆ. ಅವಳು ಗೋಣಿ ಹಾಸಿ, ಬಕೆಟ್ ಇಟ್ಟು, ಕೊಳೆನೀರು ಚೆಲ್ಲುತ್ತಾಳೆ. ರಾತ್ರಿ ಹಾಸಿಗೆಯಲ್ಲೂ ಕೈ ಮೂಸಿಕೊಳ್ಳುತ್ತಾಳೆ.

ಅಡಕೆ ಸುಲಿಯುವ ದಿನಗಳಲ್ಲಿ ಒಂದು ಮನೆಯ ಚಪ್ಪರದಡಿ ಬಿಳಿ ಪಂಚೆ ಕಟ್ಟಿ ಇದನ್ನು ತೋರಿಸಿದೆ. ಸಾಲಾಗಿ ಹನ್ನೆರಡು ಹದಿಮೂರು ಹೆಂಗಸರು ಮೆಟ್ಟುಗತ್ತಿಯ ಮುಂದೆ. ಕಣ್ಣು ಸಿನಿಮಾದ ಮೇಲೆ, ಕೈ ಅಡಕೆಯ ಮೇಲೆ. ಕಟ್, ಕಟ್, ಕಟ್ ಅಂತ ಒಂದೇ ಸಮ ಸದ್ದು. ಮಾತು ಮಲಯಾಳಂ, ನಾನು ನಡುನಡುವೆ ಹೇಳುತ್ತಿದ್ದೆ. ಸ್ವಲ್ಪ ಹೊತ್ತಿನಲ್ಲಿ "ಇರಲಿ ಬಿಡಿ ಅಕ್ಕೋರೇ, ತಿಳೀತದೆ" ಅಂದರು. ಆ ಗೋಣಿಯ ಕೊಳೆನೀರು ಎರಡನೇ ಸಲ ಬಂದಾಗ ಕಟ್ ಕಟ್ ನಿಂತಿತು. ಯಾರೂ ಏನೂ ಹೇಳಲಿಲ್ಲ. ಒಂದು ಅರೆ ನಿಮಿಷ ಇರಬಹುದು, ಸಿನಿಮಾದ ನೀರಿನ ಸದ್ದು ಮಾತ್ರ. ಆಮೇಲೆ ಒಂದು ಕತ್ತಿ ಶುರುವಾಯಿತು, ಇನ್ನೊಂದು, ಮತ್ತೆ ಎಲ್ಲ. ಸಿನಿಮಾದಲ್ಲಿ ಮುಟ್ಟಿನ ದಿನ ಹೊರಗೆ ಕೂರಿಸುವ ಭಾಗ ಬಂದಾಗ ಅಷ್ಟು ಮೌನ ಇರಲಿಲ್ಲ, ಆಶ್ಚರ್ಯ. ಅದು ಅವರಿಗೆ ಗೊತ್ತಿದ್ದ ಅನ್ಯಾಯ. ಪೈಪು ಸೋರುವುದು ಅನ್ಯಾಯ ಅಂತ ಅಲ್ಲಿಯವರೆಗೆ ಯಾರೂ ಅವರಿಗೆ ಹೇಳಿರಲಿಲ್ಲ.

ಜಗಲಿಯ ಮೇಲೆ ಗಂಡಸರೂ ಕೂತು ನೋಡಿದರು. ಕೊನೆಗೆ ಅವಳು ಆ ಕೊಳೆನೀರನ್ನು ಗಂಡನ ಮತ್ತು ಮಾವನ ಮೇಲೆ ಚೆಲ್ಲಿದಾಗ ಅವರೇ ಜೋರಾಗಿ ನಕ್ಕರು. ಬಹಳ ಚೆನ್ನಾಗಿದೆ, ನಮ್ಮ ಕಡೆಯೂ ಹೀಗೇ ಇತ್ತು, ಈಗ ಕಡಿಮೆಯಾಗಿದೆ ಅಂತ ಚರ್ಚೆಯೂ ಆಯಿತು. ಚರ್ಚೆಯ ನಡುವೆ ಚಾ ಬಂತು. ಮುಗಿದ ಮೇಲೆ ಜಗಲಿಯ ತುಂಬ ಖಾಲಿ ಲೋಟ. ಅವನ್ನು ಯಾರು ತೆಗೆದರು ಅಂತ ಕೇಳುತ್ತೀರಾ? ನಾನೇ ತೆಗೆದೆ. ಅಭ್ಯಾಸ!

ಇವತ್ತು ನಾವು ನೋಡುವುದು ಘಟಶ್ರಾದ್ಧ. 1977ರಲ್ಲಿ ಕಾಸರವಳ್ಳಿಯವರು ಮಾಡಿದ್ದು, ಅನಂತಮೂರ್ತಿಯವರ ಕಥೆ, ಆ ವರ್ಷದ ದೇಶದ ಅತ್ಯುತ್ತಮ ಚಿತ್ರ ಅಂತ ಸ್ವರ್ಣಕಮಲ ಪಡೆದದ್ದು. ಹಳೇ ರೀಲನ್ನು ಶುದ್ಧ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಕಥೆ ಮೊದಲೇ ಹೇಳಿದರೆ ಮಜಾ ಹೋಗುತ್ತದೆ ಅನ್ನಬೇಡಿ. ಕಥೆ ಗೊತ್ತಿಲ್ಲದೆ ಯಕ್ಷಗಾನದ ಆಟಕ್ಕೆ ಹೋದವರು ನಮ್ಮಲ್ಲಿ ಯಾರಿದ್ದಾರೆ?

ಯಮುನಾ ವಿಧವೆ. ಅಪ್ಪ ವೇದಪಾಠ ಹೇಳುವ ಉಡುಪರು. ಶಾಲೆಯ ಮೇಷ್ಟರ ಜೊತೆಗಿನ ಸಂಬಂಧದಿಂದ ಅವಳು ಬಸುರಿಯಾಗುತ್ತಾಳೆ. ಊರಿನ ಹಿರಿಯರೆಲ್ಲ ಕೂಡಿ ತೀರ್ಮಾನ ಮಾಡುತ್ತಾರೆ. ಹೆತ್ತ ಅಪ್ಪನೇ ಮಣ್ಣಿನ ಮಡಕೆ ಒಡೆದು, ಬದುಕಿರುವ ಮಗಳ ಶ್ರಾದ್ಧ ಮಾಡುತ್ತಾನೆ. ಮೇಷ್ಟರಿಗೆ ಯಾವ ಶ್ರಾದ್ಧವೂ ಇಲ್ಲ.

ಇದನ್ನೆಲ್ಲ ಕಾಸರವಳ್ಳಿ ಯಾರ ಪಕ್ಕ ಕೂತು ನೋಡಿದ್ದಾರೆ? ನಾಣಿ ಅಂತ ಒಬ್ಬ ಪುಟ್ಟ ಹುಡುಗ. ಪಾಠಕ್ಕೆ ಬಂದವನು, ಮನೆಯ ನೆನಪಾಗಿ ಅಳುವವನು, ಯಮುನಕ್ಕನ ಸೆರಗು ಹಿಡಿದು ತಿರುಗುವವನು. ಅವನಿಗೆ ಪೂರ್ತಿ ಅರ್ಥ ಆಗುವುದಿಲ್ಲ. ಅಷ್ಟು ದೊಡ್ಡ ಸಭೆಯಲ್ಲಿ ಅವಳ ಕಡೆ ಇರುವವನು ಅವನೊಬ್ಬನೇ, ಅವನ ಕೈಯಲ್ಲಿ ಏನೂ ಆಗುವುದಿಲ್ಲ. ಕೊನೆಯಲ್ಲಿ ಅವನ ಅಪ್ಪ ಬಂದು ಊರಿಗೆ ಕರೆದುಕೊಂಡು ಹೋಗುವಾಗ, ತಲೆ ಬೋಳಿಸಿದ ಯಮುನಾ ಮರದ ಕೆಳಗೆ ಕೂತಿರುತ್ತಾಳೆ. ಆಗ ಯಮುನೆಯನ್ನಷ್ಟೇ ನೋಡಬೇಡಿ, ಆ ಹುಡುಗನನ್ನು ನೋಡಿ. ಅವನೂ ನಾಳೆ ದೊಡ್ಡವನಾಗಿ ಯಾವುದೋ ಸಭೆಯಲ್ಲಿ ಕೂರುವವನೇ.

ಸಾಕು, ನನ್ನ ಮಾತು ಜಾಸ್ತಿಯಾಯಿತು. ಮುಂದಿನ ಸಾಲಿನ ಮಕ್ಕಳು ಸ್ವಲ್ಪ ಬದಿಗೆ ಸರಿಯಿರಿ, ಹಿಂದಿನವರಿಗೆ ಕಾಣಲಿ. ಆ ಎಡಗಡೆಯ ಕಿಟಕಿಯಿಂದ ಪರದೆಯ ಮೇಲೆ ಬೆಳಕು ಬೀಳುತ್ತಾ ಇದೆ, ಯಾರಾದರೂ ಅದನ್ನು ಹಾಕಿ. ಮುಗಿದ ಕೂಡಲೇ ತೆಗೆಯೋಣ.